ಚಾರ್ಜರ್ ಹಚ್ಚು, ಅವ್ವ ಹಾಡಲಿ

ಗದಗ
ಕ್ರಿ.ಶ. ೨೧೮೩, ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ

ಪ್ರೀತಿಯ ಶೈಲಜಾ ಅಜ್ಜಿ,

ಮೇಲಿನ ತಾರೀಖು ನೋಡಿ, ಯಾರೋ ಕುಚೋದ್ಯ ಮಾಡಿದ್ದಾರೆಂದು ಹಾಳೆಯನ್ನು ಮುದುಡಿ ಎಸೆಯಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟೇ ದಿನ. ರೂಢಿಯಾದರೆ ಏನೂ ಅನಿಸುವುದಿಲ್ಲ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಧ್ವನಿಮುದ್ರಣಗಳಿಂದ, ಅದರಲ್ಲೂ ಹೆಚ್ಚಾಗಿ ನಿಮ್ಮವುಗಳಿಂದಲೇ. ಆದ್ದರಿಂದ ಎಲ್ಲಾದರೂ ಒಂದು ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ, ಬೈಗುಳ ನುಸುಳಿದ್ದರೆ ಅದು ನಿಮ್ಮದೇ ಎಂದು ತಿಳಿಯಿರಿ. ನನ್ನ ಹೆಸರು ಹಂಪವ್ವ. ನೀವು ನನ್ನ ಅಜ್ಜಿಯ ಅಜ್ಜಿಗೆ ತಾಯಿ. ಅಷ್ಟುದ್ದ ಕರೆಯಲು ಉಸಿರು ಸಾಲದು, ಅಜ್ಜಿ ಎಂದೇ ಬರೆಯುತ್ತೇನೆ. ನಿಮಗೀಗ ನಲವತ್ತೊಂದು, ನನಗೆ ಐವತ್ತೆರಡು, ಆದರೂ ನೀವೇ ಅಜ್ಜಿ.

ಈ ಪತ್ರ ನಿಮ್ಮ ಪ್ರಿಂಟರಿನಿಂದ ತಾನಾಗಿಯೇ ಹೊರಬಂದಿರುತ್ತದೆ. ಇದಕ್ಕೆ ನಾವು ಹಿಂದಂಚೆ ಎನ್ನುತ್ತೇವೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ಸಾವು, ಹುಟ್ಟು, ಚುನಾವಣೆ, ಕ್ರಿಕೆಟ್ಟು ಇವುಗಳ ಬಗ್ಗೆ ಒಂದಕ್ಷರ ಬರೆದರೂ ಕಚೇರಿಯವರು ಹರಿದು ಹಾಕುತ್ತಾರೆ. ನಮ್ಮ ಓಣಿಯ ಒಬ್ಬರು, ಹೂತಿಟ್ಟ ಕೊಡ ಯಾವ ಮೂಲೆಯಲ್ಲಿದೆ ಎಂದು ಕೇಳಲು ತಮ್ಮ ಪತ್ರವನ್ನು ಮುಗಿಸಿಕೊಂಡರು. ನಾನು ಮೂವತ್ತು ವರ್ಷ ಕಾದೆ. ಈಗ ಒಂದು ಹಾಡಿನ ಮೂರನೆಯ ನುಡಿಗಾಗಿ ಬರೆಯುತ್ತಿದ್ದೇನೆ.

ನನ್ನ ಕಸುಬು ಸದ್ದು ಸೋಸುವುದು. ಹಳೆಯ ಮುದ್ರಣಗಳಲ್ಲಿನ ಗೊರಗೊರ, ಚಟಪಟಗಳನ್ನು ಜರಡಿ ಹಿಡಿದು ತೆಗೆಯುವವರನ್ನು ಇಲ್ಲಿ ಸೋಸುಗಾರರು ಎನ್ನುತ್ತಾರೆ. ನಿಮ್ಮ ಕಾಲ ಎಷ್ಟು ಗದ್ದಲದ್ದು ಎಂದು ನಿಮಗೆ ಗೊತ್ತಿಲ್ಲ. ನಮ್ಮ ಮನೆಗಳಲ್ಲಿ ಗೋಡೆಗೆ ಪ್ಲಗ್ಗಿನ ತೂತುಗಳಿಲ್ಲ. ಕಿಟಕಿಗೆ ಬಿಸಿಲುಬಟ್ಟೆ ಕಟ್ಟುತ್ತೇವೆ, ಅದು ಹಗಲೆಲ್ಲ ಬಿಸಿಲು ಕುಡಿದು ಒಲೆಗೂ ದೀಪಕ್ಕೂ ಹಂಚುತ್ತದೆ, ಸದ್ದಿಲ್ಲದೆ. ಫ್ಯಾನು ತಿರುಗುವುದು ಕೇಳುವುದಿಲ್ಲ, ಬಸ್ಸು ಬಂದದ್ದು ತಿಳಿಯುವುದಿಲ್ಲ. ನೆರೆಮನೆಯ ಸೀನು ನಮ್ಮ ಮನೆಯಲ್ಲಿ ಕೇಳಿಸುತ್ತದೆ, ನಾವು ಇಲ್ಲಿಂದಲೇ ಚಿರಂಜೀವಿ ಎನ್ನುತ್ತೇವೆ. ಒಮ್ಮೆ ಮಕ್ಕಳಿಗೆ ನಿಮ್ಮ ಫೈಲಿನಲ್ಲಿದ್ದ ಕುಕ್ಕರಿನ ಸೀಟಿ ಕೇಳಿಸಿದೆ. ಇಬ್ಬರು ಅತ್ತರು.

ನಿಮ್ಮ ಫೈಲುಗಳು ಒಟ್ಟು ನಲವತ್ತಮೂರು, ನಮ್ಮ ಮನೆಯ ಆಸ್ತಿ ಎಂದರೆ ಅವೇ. ಹೆಸರಿಟ್ಟ ಚಂದ ನೋಡಿ: ಅವ್ವ ಫೈನಲ್, ಅವ್ವ ಖರೇ ಫೈನಲ್, ಅವ್ವ ಇದಾ ಫೈನಲ್. ಹೆಚ್ಚುಕಡಿಮೆ ಎಲ್ಲದರಲ್ಲೂ ನಿಮ್ಮ ತಾಯಿ ನಿಂಬೆವ್ವ ಹಾಡುತ್ತಾರೆ. ಅವರು ಮೂವತ್ತು ವರ್ಷ ಗದಗಿನ ಪ್ರೆಸ್ಸಿನಲ್ಲಿ ಮುದ್ರಣದ ಹಾಳೆ ಮಡಚಿ, ಹೊಲಿದು, ಪುಸ್ತಕ ಕಟ್ಟಿದವರು. ಅಲ್ಲಿ ಹೆಂಗಸರು ಮಡಚುತ್ತ ಹೇಳಿಕೊಳ್ಳುತ್ತಿದ್ದ ಹಾಡು ಅದು, ಅವರೊಬ್ಬರಿಗೇ ನೆನಪಿದ್ದದ್ದು. ಮದುವೆ ವಿಡಿಯೋಗಳಿಗೆ ಸಂಗೀತ ಕೂಡಿಸುವ ನೀವು, ಅದನ್ನು ನಿಮ್ಮ ಸಿಂಥಸೈಜರಿನ ಜೊತೆ ಚಂದ ಮಾಡಿ ಇಡಬೇಕೆಂದು ಹಟ ತೊಟ್ಟಿರಿ. ಆದರೆ ಸಿಂಥಸೈಜರಿಗೆ ಕಂಪ್ಯೂಟರಿನ ವಯರು ಹಚ್ಚಿದ ಕ್ಷಣ ಸ್ಪೀಕರಿನಲ್ಲಿ ಗುಂಯ್ ಶುರು.

ಆ ಗುಂಯ್ ಜೊತೆ ನೀವು ನಡೆಸಿದ ಯುದ್ಧವನ್ನು ನಾನು ಸಾಲಾಗಿ ಕೇಳಿದ್ದೇನೆ. ಮೊದಲು ಫ್ಯಾನು ಆರಿಸಿದಿರಿ. ಆಮೇಲೆ ಫ್ರಿಜ್ಜು, ಅದರೊಳಗಿನ ಹಾಲು ಒಡೆಯಿತು. ಆಮೇಲೆ ಪಕ್ಕದ ಹಿಟ್ಟಿನ ಗಿರಣಿಯವರ ಜೊತೆ ಜಗಳ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಓಣಿಯಲ್ಲಿ ಯಾರನ್ನೂ ಬಿಡಲಿಲ್ಲ. ಆರು ಹೊಸ ವಯರು ಬದಲಿಸಿದಿರಿ. ಗುಂಯ್ ಮೇಲೆ ಇನ್ನೊಂದು ಸಣ್ಣ ಕಿರಿಕಿರಿಯೂ ಇದೆ, ನೀವು ಮೌಸ್ ಸರಿಸಿದಾಗಲೆಲ್ಲ ಅದು ಏರುತ್ತದೆ, ಇಳಿಯುತ್ತದೆ. ಸೋಸುಗಾರರ ಪಾಲಿಗೆ ಅದು ಕಸ. ಆದರೆ ಅಜ್ಜಿ, ನಿಮ್ಮ ಒಂದು ಫೋಟೋ ಕೂಡ ನಮಗೆ ಉಳಿದಿಲ್ಲ. ನಿಮ್ಮ ಕೈ ಅತ್ತಿತ್ತ ಆಡುವುದನ್ನು ನಾನು ಆ ಕಿರಿಕಿರಿಯಲ್ಲಿ ಕೇಳುತ್ತೇನೆ. ಬೇಜಾರಾದಾಗ ಮೌಸನ್ನು ಸುಮ್ಮನೆ ಗಿರಗಿರ ತಿರುಗಿಸುತ್ತೀರಿ. ನಾನೂ ಬೆರಳು ಹಾಗೇ ಆಡಿಸುತ್ತೇನೆ.

ಇಪ್ಪತ್ತೊಂಬತ್ತನೆಯ ಫೈಲಿನಲ್ಲಿ ನೀವು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿರಿ. ಗುಂಯ್ ಥಟ್ಟನೆ ನಿಂತಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಿರಿ, ಕಳ್ಳ ಅಲ್ಲೇ ಕೂತಿದ್ದ. ನೀವು ಚಪ್ಪಾಳೆ ತಟ್ಟಿದ್ದು ಕೇಳುತ್ತದೆ. ಆದರೆ ನಿಂಬೆವ್ವ ಹಾಡಲಿಲ್ಲ. ಅವರ ಮಾತು ನನಗೆ ಬಾಯಿಪಾಠ: “ಯಾಕ ಬಂದ್ ಮಾಡಿದಿ? ಶ್ರುತಿ ಎಲ್ಲಿ ಹೋತು? ಚಾರ್ಜರ್ ಹಚ್ಚ ಮೊದಲ, ಆಮ್ಯಾಲೆ ಹಾಡ್ತೇನಿ.” ನೀವು ನಕ್ಕು, “ಅದು ಶ್ರುತಿ ಅಲ್ಲ ಬೇ, ಕಿರಿಕಿರಿ” ಎಂದಿರಿ. ಅಷ್ಟರಲ್ಲಿ ಸವೆದ ಬ್ಯಾಟರಿ ಸತ್ತು ಮುದ್ರಣವೂ ನಿಂತಿತು. ಮುಂದಿನ ಫೈಲಿನಿಂದ ಮತ್ತೆ ಚಾರ್ಜರ್, ಮತ್ತೆ ಗುಂಯ್.

ಅವರು ತಮಾಷೆ ಮಾಡಿರಲಿಲ್ಲ. ಮೂವತ್ತು ವರ್ಷ ಅವರು ಹಾಡಿದ್ದು ಪ್ರೆಸ್ಸಿನ ಮಷೀನಿನ ಪಕ್ಕದಲ್ಲಿ, ಅದರ ಮೊರೆತಕ್ಕೆ ದನಿ ಕೂಡಿಸಿ. ನಿಮ್ಮ ಗುಂಯ್ ಅವರಿಗೆ ಆ ಮಷೀನು. ಉಳಿದ ಫೈಲುಗಳಲ್ಲಿ ಅವರ ದನಿ ಆ ಗುಂಯ್ ಮೇಲೆ ಒಂದು ಕೂದಲಿನಷ್ಟೂ ಆಚೀಚೆ ಇಲ್ಲ, ನಾನು ಅಳೆದು ನೋಡಿದ್ದೇನೆ.

ಇಂದಿಗೂ ನಮ್ಮ ಮನೆಯಲ್ಲಿ ಯಾರಾದರೂ ಹಾಡಲು ಕೂತರೆ, ಚಾರ್ಜರ್ ಹಚ್ಚು ಎನ್ನುತ್ತೇವೆ. ಆಗ ಹಿರಿಯರೊಬ್ಬರು ತುಟಿ ಮುಚ್ಚಿ ಗುಂಯ್ ಎಂದು ಶ್ರುತಿ ಹಿಡಿಯುತ್ತಾರೆ. ಚಾರ್ಜರ್ ಎಂದರೆ ತಂಬೂರಿಯಂಥ ವಾದ್ಯವೆಂದು ನಾನು ಹತ್ತು ವರ್ಷದವರೆಗೂ ನಂಬಿದ್ದೆ. ನಿಮ್ಮ ತಪ್ಪನ್ನು ನಾನೂ ಮಾಡಿದ್ದೇನೆ. ಕಸುಬು ಕಲಿತ ಹೊಸದರಲ್ಲಿ ನಲವತ್ತಮೂರೂ ಫೈಲನ್ನು ಸೋಸಿ, ಹಬ್ಬದ ದಿನ ಎಲ್ಲರೆದುರು ಜಂಬದಿಂದ ಹಚ್ಚಿದೆ. ನೀರಿನಂಥ ಸ್ವಚ್ಛ ದನಿ. ಒಬ್ಬರಿಗೂ ಜೊತೆಗೂಡಿ ಹಾಡಲು ಬರಲಿಲ್ಲ. ನನ್ನ ಅಜ್ಜಿ ಎದ್ದು ಒಳಗೆ ಹೋದರು.

ಹಾಡು ಹೀಗಿದೆ, ನಿಮಗೆ ಗೊತ್ತೇ ಇದೆ, ಆದರೂ ಬರೆಯುವ ಆಸೆ:

ಒಂದ ಮಡಿಕಿಗೆ ಎರಡೆಲಿ, ಎರಡ ಮಡಿಕಿಗೆ ನಾಕ,
ಮಡಚ ನನ್ನ ತಂಗಿ ಹಾಳಿ, ಮೂಲಿಗೆ ಮೂಲಿ ತಾಕ.

ಎರಡನೆಯ ನುಡಿ ಸೂಜಿದಾರದ್ದು. ಮೂರನೆಯದು ರಟ್ಟು ಹಾಕುವುದು, ಪುಸ್ತಕ ಮುಗಿಯುವುದು. “ರಟ್ಟ ಹಾಕೂ ಮುಂದ” ಎಂದು ನಿಂಬೆವ್ವ ಎತ್ತಿಕೊಳ್ಳುತ್ತಾರೆ, ಅಷ್ಟರಲ್ಲಿ ಅವರನ್ನು ನಿಲ್ಲಿಸುವ ನಿಮ್ಮ ದನಿ ಬರುತ್ತದೆ: “ನಿಂದರ ಬೇ, ಮತ್ತ ಗುಂಯ್ ಅನ್ನಾಕತ್ತೈತಿ.” ಹಾಡು ನಿಲ್ಲುತ್ತದೆ. ಮೂರನೆಯ ನುಡಿಯವರೆಗೆ ಬಂದ ಒಂದೊಂದು ಫೈಲಿನಲ್ಲೂ ಇದೇ ಕಥೆ. ಎರಡು ನುಡಿ ನಿಮಗೆ ತಡೆದುಕೊಳ್ಳಲು ಬರುತ್ತದೆ, ಮೂರನೆಯದಕ್ಕೆ ತಾಳ್ಮೆ ತಪ್ಪುತ್ತದೆ. ಆದ್ದರಿಂದ ಐದು ತಲೆಮಾರಿನಿಂದ ನಾವೂ “ರಟ್ಟ ಹಾಕೂ ಮುಂದ, ನಿಂದರ ಬೇ” ಎಂದು ಹಾಡಿ ಕೈಮುಗಿಯುತ್ತೇವೆ. ತೊಟ್ಟಿಲು ತೂಗುತ್ತ ಹಾಡುತ್ತೇವೆ, ಮದುವೆಯಲ್ಲಿ ಹಾಡುತ್ತೇವೆ. ಹೊಸದಾಗಿ ಬಂದ ಸೊಸೆಯಂದಿರು ಎಂಥ ಗಂಭೀರ ಸಾಲು ಎಂದು ಮೆಚ್ಚುತ್ತಾರೆ. ನಾವು ನಗುವುದಿಲ್ಲ. ನಮ್ಮ ಪುಸ್ತಕಕ್ಕೆ ರಟ್ಟಿಲ್ಲವಲ್ಲ ಎಂದು ನಾನು ಪ್ರತಿಸಲವೂ ಅಂದುಕೊಳ್ಳುತ್ತೇನೆ.

ಸೋಸುಗಾರ್ತಿಯಾಗಿ ನಿಮ್ಮ ಗುಂಯ್‌ಗೆ ಮದ್ದು ಹೇಳದಿದ್ದರೆ ನನಗೆ ನಿದ್ದೆ ಬರಲಿಕ್ಕಿಲ್ಲ. ಲ್ಯಾಪ್‌ಟಾಪಿನ ಚಾರ್ಜರಿಗೂ, ಸಿಂಥಸೈಜರನ್ನು ಸ್ಪೀಕರಿಗೆ ಕೂಡಿಸುವ ನಿಮ್ಮ ಸೌಂಡ್ ಮಿಕ್ಸರಿಗೂ ಬೇರೆ ಬೇರೆ ದಾರಿಯಲ್ಲಿ ಅರ್ಥಿಂಗ್ ಸಿಗುತ್ತಿದೆ. ಸಿಂಥಸೈಜರಿಗೆ ಹಚ್ಚಿದ ಯುಎಸ್‌ಬಿ ವಯರು ಅವೆರಡನ್ನೂ ಜೋಡಿಸಿ ಒಂದು ಸುತ್ತು ಕಟ್ಟಿದೆ, ಕರೆಂಟು ಅದರಲ್ಲಿ ಗಾಣದೆತ್ತಿನಂತೆ ಸುತ್ತುತ್ತಿದೆ. ನಡುವೆ ಒಂದು ಯುಎಸ್‌ಬಿ ಐಸೋಲೇಟರ್ ಹಾಕಿ, ಅಥವಾ ಆ ವಯರು ಬಿಟ್ಟು ಐದು ಸೂಜಿಯ ಹಳೆಯ ಮಿಡಿ ಕೇಬಲ್ ಬಳಸಿ, ಸುತ್ತು ಕಡಿಯುತ್ತದೆ, ಕಿರಿಕಿರಿಯೂ ಹೋಗುತ್ತದೆ. ಎಲೆಕ್ಟ್ರಿಷಿಯನ್ ಪ್ಲಗ್ಗಿನ ಮೂರನೆಯ ಕಾಲು ಮುರಿಯಲು ಹೇಳಿದ್ದು ಮೂವತ್ತಾರನೆಯ ಫೈಲಿನಲ್ಲಿದೆ. ದಯವಿಟ್ಟು ಮುರಿಯಬೇಡಿ, ಅದು ನಿಮ್ಮ ಜೀವ ಕಾಯುವ ಕಾಲು.

ಇದನ್ನೆಲ್ಲ ಮುಂದಿನ ವಾರ ಮಾಡಿ. ಇವತ್ತು ಬೇಡ.

ಈ ಪತ್ರ ನಲವತ್ತೆರಡನೆಯ ಫೈಲಿನ ಮರುದಿನ ಬೆಳಿಗ್ಗೆ ನಿಮಗೆ ಮುಟ್ಟಬೇಕೆಂದು ಕೇಳಿಕೊಂಡಿದ್ದೇನೆ. ಇವತ್ತು ಊಟವಾದ ಮೇಲೆ ನೀವು ಅವ್ವನನ್ನು ಮತ್ತೆ ಮೈಕಿನ ಮುಂದೆ ಕೂರಿಸುತ್ತೀರಿ. ನನ್ನಲ್ಲಿರುವ ನಲವತ್ತಮೂರನೆಯ ಫೈಲಿನಲ್ಲಿ ನೀವು ಎಂದಿನಂತೆ ನಿಂದರ ಬೇ ಎನ್ನುತ್ತೀರಿ, ಅವರು ಸ್ವಲ್ಪವೂ ಬೇಸರವಿಲ್ಲದೆ, “ಆತು ತಗೋ, ನಾಳಿ ಹಾಡ್ತೇನಿ” ಎನ್ನುತ್ತಾರೆ. ನಲವತ್ತನಾಲ್ಕನೆಯ ಫೈಲು ಯಾಕಿಲ್ಲ ಎಂದು ಬರೆಯಲು ನನಗೆ ಅನುಮತಿಯಿಲ್ಲ.

ನೀವು ಈ ಮಾತು ಕೇಳಿದರೆ ನಾಳೆ ನಮ್ಮ ಮನೆಯಲ್ಲಿ ಎಲ್ಲರೂ ಮೂರನೆಯ ನುಡಿಯನ್ನು ಹುಟ್ಟಿನಿಂದ ಬಲ್ಲವರಂತೆ ಹಾಡುತ್ತಿರಬಹುದು, ನಿಮಗೆ ಪತ್ರ ಬರೆದದ್ದು ನನಗೇ ನೆನಪಿರಲಿಕ್ಕಿಲ್ಲ. ನಿಂದರ ಬೇ ಎಂಬ ನಿಮ್ಮ ದನಿ ಹಾಡಿನಿಂದ ಹೋಗಿಬಿಡುತ್ತದೆ. ಅದೊಂದು ಸಂಕಟ ನನಗಿದೆ, ನಿಮ್ಮನ್ನು ನಾನು ಪ್ರೀತಿಸತೊಡಗಿದ್ದೇ ಆ ಮಾತಿನಿಂದ. ಹೋಗಲಿ.

ಅಜ್ಜಿ, ಚಾರ್ಜರ್ ಹಚ್ಚಿ. ಗುಂಯ್ ಅನ್ನಲಿ. ಕೈ ಮೌಸಿನ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಳ್ಳಿ, ರಟ್ಟು ಹಾಕುವವರೆಗೂ ಸುಮ್ಮನೆ ಕೂತಿರಿ.

ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು,
ಹಂಪವ್ವ