ಸಾಕೆನ್ನುವವರಿಲ್ಲದ ಊಟ

ಮಾರ್ಚ್ ೧೨, ಗುರುವಾರ

ತಂಗಿಗೆ ಬರೆದ ಕಳೆದ ಪತ್ರದಲ್ಲಿ ನನ್ನ ಮಂಡಿಯ ಊತಕ್ಕೆ ಮುಪ್ಪೇ ಕಾರಣವೆಂದುದಕ್ಕೆ ಅವಳ ಕ್ಷಮೆ ಕೇಳಬೇಕು. ಹೊಟ್ಟೆಯ ಕೊಬ್ಬು ಸುಮ್ಮನೆ ಕುಳಿತಿರುವುದಿಲ್ಲವೆಂದು ವೈದ್ಯೆ ಇಂದು ತಿಳಿಸಿದರು. ಅದು ಮೈಯೊಳಗೆ ಉರಿಯೂತವನ್ನು ಆರಗೊಡುವುದಿಲ್ಲ. ‘ಸಾಕು’ ಎಂದು ಮಿದುಳಿಗೆ ಹೇಳಿಕಳುಹಿಸುವುದೂ ಅದೇ. ಆದರೆ ಕೊಬ್ಬು ಅತಿಯಾದಾಗ ಮಿದುಳು ಕಿವಿಗೊಡುವುದಿಲ್ಲವಂತೆ.

“ತೂಕ ಇಳಿಸದಿದ್ರೆ ಮಂಡಿ ಕೈಕೊಡುತ್ತೆ, ತಾತ. ಮನೇಲಿ ಸಾಕು ಅನ್ನೋರು ಯಾರೂ ಇಲ್ವಾ?”

ನನ್ನಾಕೆ ಇದ್ದಳು. “ಸಾಕು ಏಳ್ರೀ, ತಟ್ಟೇನೂ ತಿಂದುಬಿಟ್ಟೀರ!” ಎನ್ನುತ್ತಿದ್ದಳು.

ನಿನ್ನೆಯವರೆಗೂ ಇಬ್ಬರಿಗೆಂದೇ ಅಕ್ಕಿ ಅಳೆದೆ. ಚೆಲ್ಲಲು ಮನಸ್ಸಾಗದೆ ಅವಳ ಪಾಲನ್ನೂ ಉಂಡೆ. ಈ ರಾತ್ರಿ ಒಬ್ಬನಿಗೆ ಅಳೆದಿಟ್ಟೆ. ಪಾತ್ರೆ ದೊಡ್ಡದಾಗಿ ಕಂಡಿತು. ಉಂಡೆದ್ದರೂ ಹಸಿವು ಇನ್ನೂ ಹಿಂಗಿಲ್ಲ.

ಆ ಪತ್ರದಲ್ಲಿ ತಿದ್ದಬೇಕಾದ ಇನ್ನೊಂದು ತಪ್ಪು: ಮೈ ಭಾರವಾಗತೊಡಗಿದ್ದು ಈ ಜನವರಿಯಲ್ಲಲ್ಲ, ಅವಳು ತೀರಿಕೊಂಡ ಆಗಸ್ಟ್‌ನಲ್ಲಿ.