ಮದುವಿ ನಿಂತ ಮ್ಯಾಲ

ದಂಡೋತಿ
೬ ಏಪ್ರಿಲ್ ೨೦೨೫, ಐತವಾರ

ನನ್ನವ್ವ ದಾನೇಶ್ವರಿಗಿ ನಿನ್ನ ಅವ್ವನ ಆಶೀರ್ವಾದ.

ನಾವು ಇಲ್ಲಿ ಇದ್ದೀವಿ. ಹಾಸ್ಟೆಲಿನ್ಯಾಗ ನಿನ್ನ ತಬ್ಯತ್ ಛಲೋ ಇರಲಿ. ಇಷ್ಟು ದಿನ ಫೋನಿನ್ಯಾಗ ನಿನ್ನ ಕೂಡ ಸರಿಯಾಗಿ ಮಾತಾಡಲಿಲ್ಲ ಅಂತ ಸಿಟ್ಟಾಗಬ್ಯಾಡ. ಪರೀಕ್ಷಾ ಮುಗಿಯೂ ತನಕ ನಿನ್ನ ಮುಂದ ಬಾಯಿ ಬಿಡಬಾರದು ಅಂತ ನಿಮ್ಮಪ್ಪ ನನ್ನ ಕಡಿಂದ ಆಣಿ ಹಾಕಿಸಿಕೊಂಡಿದ್ರು. ನಿನ್ನಿ ಮುಗೀತು ಅಂದಿ. ಬಾಯಿಲೆ ಹೇಳೂದು ನನ್ನ ಕೈಲಿ ಆಗೂದಿಲ್ಲ, ಅದಕ್ಕ ಬರೀಲಿಕತ್ತೀನಿ. ಏಳನೇ ತನಕ ಕಲ್ತಾಕಿ ಅಕ್ಷರ, ತಪ್ಪಿದ್ರ ತಿದ್ದಿಕೊಂಡು ಓದು. ಆಟೋದ ಬಂದೇಅಲಿ ನಾಳಿ ಕಲಬುರಗಿಗಿ ಹೊಂಟಾನ, ಅವನ ಕೈಯಾಗ ಕೊಡ್ತೀನಿ.

ಬಿಸಲು ಈಗೇ ಭಾಳ ಅದ. ಕಾಗಿಣಾ ಹೊಳಿ ಬತ್ತಿ ಬಂಡಿಗಲ್ಲು ಕಾಣ್ಲಿಕತ್ತಾವ. ಕರಿ ಆಕಳು ಈದದ, ಹೋರಿಗರ. ಶಹಾಬಾದದಾಗ ಫರಸಿ ಕಲ್ಲು ಕೊರಿಯೂ ಮಷೀನಿನ ಕಡಿ ಫೀಲ್ಡ್‌ವರ್ಕಿಗಿ ಹೋಗೂ ಮುಂದ ಬಾಯಿಗಿ ಅರಬಿ ಕಟ್ಟಿಕೋ, ಆ ಧೂಳು ಛಲೋ ಅಲ್ಲ.

ಭುವಿ ಹ್ಯಾಂಗಿದ್ದಾಳ, ಮಾಮನ ಮನಿ ಸುದ್ದಿ ಏನು ಅಂತ ಪ್ರತಿ ಸಲ ಕೇಳ್ತಿದ್ದಿ. ಕುಂತು ಓದು ತಾಯಿ, ನಿಂತು ಓದಬ್ಯಾಡ. ಭುವನೇಶ್ವರಿ ಇಲ್ಲ. ಯುಗಾದಿ ಮುಂಚಿನ ವಾರ ಸತ್ತಳು. ನಾವು ಹಬ್ಬ ಮಾಡಲಿಲ್ಲ.

ಹೋದ ವೈಶಾಖದಾಗ ಮಾಮನ ಊರು ಆಡಕಿಯಾಗ ಆದದ್ದು ನಿನಗ ಗೊತ್ತೇ ಅದ. ನನ್ನ ತಮ್ಮ ಸಂಗಮೇಶ್ವರ ಮಗಳು ಭುವಿಗಿ ಅರಿಷಿಣ ಹಚ್ಚಿ ಕುಂದ್ರಿಸಿದ್ದ. ಆಗಷ್ಟೇ ಹತ್ತನೇ ಪಾಸಾದ ಹುಡುಗಿ, ಹದಿನಾರು ನಡೆದಿತ್ತು. ಅಕೀನೇ ನಿನಗ ಫೋನ್ ಮಾಡಿ, ಅಕ್ಕಾ ನಾ ಕಲೀಬೇಕು ಅಂತ ಅತ್ತಿದ್ಳು. ಸಮಾಜಕಾರ್ಯ ಕಲಿಯೂ ಹುಡುಗಿ ನೀ, ಸುಮ್ಮನ ಹ್ಯಾಂಗ ಕುಂದರ್ತಿದ್ದಿ? ಮಕ್ಕಳ ಸಹಾಯವಾಣಿಗಿ ತಿಳಿಸಿದಿ. ಜೀಪಿನ್ಯಾಗ ಸಾಹೇಬ್ರು ಬಂದ್ರು, ಮದುವಿ ನಿಂತಿತು. ಹದಿನೆಂಟು ತುಂಬೂ ತನಕ ಮಾಡಂಗಿಲ್ಲ ಅಂತ ಸಂಗಮೇಶ್ವರ ಸಹಿ ಮಾಡಿಕೊಟ್ಟ. ಕಾಲೇಜಿನವ್ರು ನಿನಗ ಶಾಲು ಹೊದಿಸಿದ್ರು. ಆ ಫೋಟೋ ನೋಡಿ ನಾ ಓಣಿ ತುಂಬ ಹೇಳಿಕೊಂಡು ಬಂದಿದ್ದೆ.

ಜೀಪು ಹ್ವಾದ ಮ್ಯಾಲ ಆ ಮನಿಗಿ ಯಾರೂ ತಿರುಗಿ ಬರಲಿಲ್ಲ. ಭುವಿಯ ಕೈಯಾಗಿನ ಫೋನ್ ಕಸಗೊಂಡ್ರು, ಕಾಲೇಜಿಗಿ ಹೆಸರು ಹಚ್ಚಲಿಲ್ಲ. ನಾನು ಎರಡು ಸಲ ಹೋದ್ರ ಬಾಗಿಲಾ ತೆಗೀಲಿಲ್ಲ. ಶ್ರಾವಣದಾಗ ಗಡಿ ದಾಟಿ ತೆಲಂಗಾಣದ ಒಂದು ಗುಡಿಯಾಗ ಅದೇ ಹುಡುಗನ ಕೂಡ ತಾಳಿ ಕಟ್ಟಿಸಿದ್ರಂತ. ಇದು ನನಗ ತಿಳಿದದ್ದು ಮಣ್ಣಿನ ದಿನ, ನಿಮ್ಮತ್ತಿ, ಭುವಿಯ ಅವ್ವ ಜಗದೇವಿ ಬಾಯಿಂದ.

ಗಂಡನ ಮನಿ ಚಿಂಚೋಳಿ ಕಡಿ. ಅಲ್ಲಿ ಅಕಿಗಿ "ಪೊಲೀಸರನ್ನ ತಂದಾಕಿ" ಅಂತೇ ಕರೀತಿದ್ರಂತ. ಏಳು ತಿಂಗಳ ಬಸುರಿ ಇದ್ದಳು ದಾನೀ. ತಲಿ ಸಿಡೀತದ, ಕಣ್ಣು ಮಂಜಾಗ್ತಾವ ಅಂತಿದ್ಳಂತ. ಆಶಾ ಕಾರ್ಯಕರ್ತಿ ಬಂದ್ರ ಅಕೀನ ಒಳಗ ಕೂಡಿ ಹಾಕಿ, ತವರಿಗಿ ಹೋಗ್ಯಾಳ ಅನ್ನೂದು. ಸರ್ಕಾರಿ ದವಾಖಾನಿಗಿ ಒಯ್ದ್ರ ಆಧಾರ್ ಕೇಳ್ತಾರ, ವಯಸ್ಸು ನೋಡಿ ಪೊಲೀಸರಿಗಿ ಹೇಳ್ತಾರ ಅಂತ ಅಂಜಿಕಿ. ಫಿಟ್ಸ್ ಬಂದ ದಿನ ಗಡಿ ಆಚಿ ಗುರ್ತಿನ ಡಾಕ್ಟರ್ ಹತ್ರ ಹೊಂಟಿದ್ರು. ಹಾದಿಯಾಗೇ ಮುಗೀತು. ಕೂಸೂ ಉಳೀಲಿಲ್ಲ.

ಮಣ್ಣಿಗಿ ಮುಂಚೆ ನಾನೇ ಮೈ ತೊಳೆದೆ. ಕಾಲುಂಗರ ತೆಗೀಲಿಕ್ಕ ಬರಲಿಲ್ಲ, ಬೆರಳು ಅಷ್ಟು ಬಾತಿದ್ವು. ಹಂಗೇ ಬಿಟ್ಟೆವು. ಜಗದೇವಿ ನನ್ನ ಕೊಳ್ಳಿಗಿ ಬಿದ್ದು ಅತ್ತಳು. ನನ್ನ ತಮ್ಮ ಮಾತ್ರ ಗ್ವಾಡಿ ಕಡಿ ಮಾರಿ ಮಾಡಿ ಕುಂತಿದ್ದ.

ಇದೆಲ್ಲ ನಿನ್ನ ಫೋನಿನಿಂದ ಆಯ್ತು ಅಂತ ನಿನಗ ಅನಸ್ತದ. ರೊಟ್ಟಿ ಬಡಿಯೂ ಮುಂದ, ನೀರು ತರೂ ಮುಂದ ನಾ ಇದನ್ನೇ ವಿಚಾರ ಮಾಡೀನಿ. ಅಕಿ ಅತ್ತು ಕರೆದ್ಳು, ನೀ ಓಗೊಟ್ಟಿ. ಅದರಾಗ ತಪ್ಪಿಲ್ಲ. ಆದ್ರ ಮದುವಿ ನಿಂದ್ರಿಸೂದು ಒಂದು ದಿನದ್ದು, ಆ ಹುಡುಗಿ ದಿನಾ ಅದೇ ಮನಿಯಾಗ ಇರಬೇಕಲ್ಲ. ಆಮ್ಯಾಲ ಅಕೀನ ಯಾರು ನೋಡಬೇಕು ಅಂತ ನಿಮ್ಮ ಕಾಲೇಜಿನ ಮೇಡಂಗ ಕೇಳು. ಸಿಟ್ಟಿಲೆ ಕೇಳಬ್ಯಾಡ, ಅವರಿಗೂ ಸಂಕಟ ಇದ್ದೀತು. ಕಲಿಯೂದು ಮಾತ್ರ ಬಿಡಬ್ಯಾಡ. ಬಿಡ್ತೀನಿ ಅಂದ್ರ ನಾನೇ ಹಾಸ್ಟೆಲಿಗಿ ಬಂದು ಕುಂದರ್ತೀನಿ.

ನಿನ್ನ ಖೋಲಿ ಗೆಳತಿ ಸಂಘಮಿತ್ರಾಗ ಇವತ್ತು ನಿನ್ನ ಬಾಜೂಕ ಇರು ಅಂತ ನಾ ಹೇಳೀನಿ ಅನ್ನು. ಉಪಾಸ ಇರಬ್ಯಾಡ. ಅಳು ಬಂದ್ರ ತಡಕೋಬ್ಯಾಡ. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಲಲಿತಾಬಾಯಿ

ತಾ.ಕ.: ಮಡಚಿ ಇಟ್ಟಿದ್ದೆ, ಮತ್ತ ಬಿಚ್ಚೀನಿ. ಮೊನ್ನಿ ನಿಮ್ಮ ಮಾಮ ಬಂದಿದ್ದ. ಒಳಗ ಬಾ ಅಂದ್ರ ಬರಲಿಲ್ಲ, ಕಟ್ಟಿ ಮ್ಯಾಲ ಕುಂತ. ನೀರು ಕೊಟ್ರ ಚರಗಿ ಹಿಡಕೊಂಡು ಕುಂತ, ಕುಡೀಲಿಲ್ಲ. ಫಿಟ್ಸ್ ಬಂದಾಗ ಅಳಿಯ ಮೊದಲ ಇವನಿಗೇ ಫೋನ್ ಮಾಡಿ, ಸೇಡಂ ಸರ್ಕಾರಿ ದವಾಖಾನಿಗಿ ಒಯ್ಯಲೇನು ಅಂತ ಕೇಳಿದ್ನಂತ.

"ನಾನೇ ಬ್ಯಾಡಂದೆ ಅಕ್ಕಾ. ಸಹಿ ಮಾಡೀನಲ್ಲ, ಜೇಲಿಗಿ ಹಾಕ್ತಾರ ಅಂತ ಅಂಜಿದೆ," ಅಂದ.

ಅಳಿಯನ ಮನಿಯವ್ರು ಆಗಲೇ ಮತ್ತೊಂದು ಸಣ್ಣ ಹುಡುಗೀನ ನೋಡ್ಲಿಕತ್ತಾರಂತ. ಅದನ್ನೂ ಹೇಳಿದ. ದಾನಿಗಿ ಹೇಳು, ಫಿರ್ಯಾದಿ ಕೊಡಲಿ, ಯಾರು ಕೇಳಿದ್ರೂ ನಾ ಖರೇ ಹೇಳ್ತೀನಿ ಅಂತಂದು ಎದ್ದು ಹ್ವಾದ.

ಅಪ್ಪ, ಅವ್ವ ಹ್ವಾದ ಮ್ಯಾಲ ನನಗ ತವರು ಅಂತ ಉಳಿದಾವ ಅವನೊಬ್ಬನೇ. ಅವನ ಕೈಗಿ ಬೇಡಿ ಹಾಕೂದು ನಿನ್ನ ಕೈಲಿ ಆಗಬಾರದು ಅಂತ ನಿಮ್ಮಪ್ಪ ಅಂತಾರ. ನಾ ಫಿರ್ಯಾದಿ ಕೊಡು ಅಂತೀನಿ. ಅಳಿಯನ ಹೆಸರಿಗಿಂತ ಮೊದಲ ಇವನ ಹೆಸರು ಬರಿ. ಪೂರ್ತಿ ಬರಿ: ಸಂಗಮೇಶ್ವರ, ತಂದಿ ಗುಂಡಪ್ಪ, ಸಾಕಿನ್ ಆಡಕಿ.