ತಾನೇ ಸರಿಯುವ ಹಿಡಿಕೆ

ಮೂಡಲಗಿ
ಸೋಮವಾರ, ೨೭ ಅಕ್ಟೋಬರ್ ೨೦೨೫

ಪ್ರೀತಿಯ ಮಗಳು ಸುಜಾತಾಗೆ,

ಶರಣು. ಫೋನ್ ಎತ್ತದ ಮಗಳು ಅಂಚೆಯವನಿಗಾದರೂ ಬಾಗಿಲು ತೆರೆದಾಳು ಎಂದು ಬರೆಯುತ್ತಿದ್ದೇನೆ. ಆರಾಮ ಇದ್ದೀಯಾ? ಅಳಿಯ ಮಲ್ಲೇಶನ ಮುಂಗೈ ಬಾವು ಇಳಿಯಿತೇ? ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರಂತೆ? ಬಲಗೈ ಕಟ್ಟಿಹಾಕಿದ ಮೇಲೆ ನೀನೇ ತುತ್ತು ಮಾಡಿ ಕೊಡುತ್ತಿದ್ದೀಯೆಂದು ನಿಮ್ಮವ್ವ ಹೇಳಿದಳು. ಅವಳ ಕೂಡ ಅರ್ಧ ತಾಸು ಮಾತಾಡುತ್ತೀ, ನಾನು ಫೋನ್ ಇಸಿದುಕೊಂಡರೆ ಕಟ್ ಮಾಡುತ್ತೀ. ದೀಪಾವಳಿಗೂ ಬರಲಿಲ್ಲ. ಗೋಕಾಕ ಏನು ದೂರ, ಬಸ್ಸಿಗೆ ಒಂದು ತಾಸು. ನಾನೇ ಬಂದು ಬಾಗಿಲು ಬಡಿಯಬಹುದಿತ್ತು. ಆದರೆ ನಿನಗೆ ಹೇಳಬೇಕಾದ ಮಾತು ಬಸ್ ಸ್ಟ್ಯಾಂಡಿನ ತನಕ ಬಾಯಲ್ಲಿರುತ್ತದೆ, ಬಸ್ಸು ಕಂಡಕೂಡಲೇ ಒಣಗಿಹೋಗುತ್ತದೆ. ಎರಡು ಸಲ ಹೋಗಿ, ಚಹಾ ಕುಡಿದು ತಿರುಗಿ ಬಂದಿದ್ದೇನೆ.

ದಸರೆಯ ನಂತರದ ಆ ರವಿವಾರದ ಮಾತು ಎತ್ತದೆ ಮುಂದಕ್ಕೆ ಹೋಗಲಾರೆ. ನಮ್ಮ ಲೇತ್ ಅಂಗಡಿಯಲ್ಲಿ ನಾಲ್ಕು ವರ್ಷ ನೀನು, ನಾನು, ಮಲ್ಲೇಶ ಕೂಡಿ ಕಟ್ಟಿದ ವಿಮಾನ. ಪರವಾನಗಿ ಬಂದಿಲ್ಲ, ಹಾರಿಸುವ ಮಾತಿಲ್ಲ, ಹತ್ತರಗಿಯ ಲಗಮಪ್ಪನ ಬೀಳು ಹೊಲದಲ್ಲಿ ನೆಲದ ಮೇಲೆ ಓಡಿಸಿ ನೋಡುವುದಷ್ಟೇ ಇತ್ತು. ಇಂಜಿನ್ ಚಾಲೂ ಮಾಡಿದ ಮಲ್ಲೇಶ ಸೊಂಟದ ಪಟ್ಟಿ ಬಿಗಿ ಮಾಡಿಕೊಳ್ಳಲು ಒಂದು ಗಳಿಗೆ ರೇಸಿನ ಹಿಡಿಕೆಯಿಂದ ಕೈ ತೆಗೆದ. ಹಿಡಿಕೆ ತಾನೇ ಮುಂದೆ ಸರಿಯಿತು. ಇಂಜಿನ್ನಿನ ಸದ್ದು ಒಮ್ಮೆಲೇ ಏರಿತು. ಎದುರಿಗೆ ಲಗಮಪ್ಪನ ಕುರಿಹಿಂಡು, ಹಿಂಡಿನ ಮುಂದೆ ಅವನ ಹೆಂಡತಿ ರಾಮವ್ವ, ಕೈಯಲ್ಲಿ ಒಂದು ಕೋಲು. ಅವಳು ಓಡಲಿಲ್ಲ. ಮಲ್ಲೇಶ ಸ್ವಿಚ್ಚಿಗೆ ಕೈ ಚಾಚುವಷ್ಟರಲ್ಲಿ ಬಾಲದ ಚಕ್ರ ನೆಲ ಬಿಟ್ಟಿತ್ತು. ಅವನು ಮೂತಿಯನ್ನು ಕಲ್ಲಿನ ಒಡ್ಡಿನ ಕಡೆ ತಿರುವಿದ. ರಾಮವ್ವ ಉಳಿದಳು, ಕುರಿ ಉಳಿದವು, ಇವನ ಕೈ ಮುರಿಯಿತು. ಓಡಿಬಂದ ನಾನು ಅಳಿಯನನ್ನು ನೋಡುವುದು ಬಿಟ್ಟು, ಆ ಹಿಡಿಕೆ ಮಾಡಿ ಕೂರಿಸಿದ ನಿನ್ನ ಕಡೆ ತಿರುಗಿ, ಎಲ್ಲರ ಮುಂದೆ, “ಗಂಡನ್ನ ಕೊಲ್ಲಾಕ ಮಾಡೀಯೇನ ಇದನ್ನ?” ಎಂದೆ. ನೀನು ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾ ನೆಲದ ಮೇಲಿಟ್ಟು, ಅವನನ್ನು ಎಬ್ಬಿಸಿಕೊಂಡು ಗಾಡಿ ಹತ್ತಿದೆ. ಇನ್ನು ಜನ್ಮದಲ್ಲಿ ಪಾನಾ ಮುಟ್ಟುವುದಿಲ್ಲ ಅಂದೆಯಂತೆ. ಎಂಟು ವರ್ಷದವಳಿದ್ದಾಗ ನಟ್ಟು ಬಿಚ್ಚಿ ಅಳತೆಯ ಪ್ರಕಾರ ಡಬ್ಬಿಗೆ ಹಾಕುತ್ತಿದ್ದ ಕೈ ಅದು. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಒಂದು ವಾರ ಅದರ ಹತ್ತಿರ ಹಾಯಲಿಲ್ಲ. ಆಮೇಲೆ ಚಕ್ರ ಸರಿಮಾಡಿ, ಬಾಲವನ್ನು ಟ್ರ್ಯಾಕ್ಟರಿನ ಸರಪಳಿಯಿಂದ ಬೇವಿನ ಮರಕ್ಕೆ ಬಿಗಿದು, ಹಿಡಿಕೆಯ ಬುಡದ ನಟ್ಟು ಇನ್ನಷ್ಟು ಬಿಗಿ ಮಾಡಿ ಇಂಜಿನ್ ಚಾಲೂ ಮಾಡಿದೆ. ಹಿಡಿಕೆ ನಿಂತ ಜಾಗಕ್ಕೆ ಸೀಮೆಸುಣ್ಣದ ಖಡುವಿನಿಂದ ಗೆರೆ ಎಳೆದು ಕೈ ಬಿಟ್ಟೆ. ಒಂದು ಬೆರಳು ಸ್ವಿಚ್ಚಿನ ಮೇಲೆ, ಕಣ್ಣು ಗೆರೆಯ ಮೇಲೆ. ಐದು ನಿಮಿಷ ಅಲುಗಲಿಲ್ಲ. ಗೆದ್ದೆ ಅಂದುಕೊಂಡೆ. ಆರನೆಯ ನಿಮಿಷಕ್ಕೆ ಗೆರೆ ಬಿಟ್ಟು ಜೋಳದ ಕಾಳಿನಷ್ಟು ಸರಿಯಿತು, ಮತ್ತೆ ಸ್ವಲ್ಪ, ಆಮೇಲೆ ಒಮ್ಮೆಲೇ ಮುಂದೆ ಹೋಯಿತು. ಸರಪಳಿ ಬಿಗಿದು ಬೇವಿನ ಎಲೆ ಉದುರಿದವು. ಸ್ವಿಚ್ಚು ಬಂದ್ ಮಾಡಿದೆ. ಬೈಕಿನ ಸ್ಪ್ರಿಂಗ್ ರೇಸ್ ಇಳಿಸುತ್ತದೆ, ಇದರದ್ದು ಏರಿಸುತ್ತದೆ, ಮೇಲೆ ಹೋದಾಗ ತಂತಿ ಕಡಿದರೂ ಇಂಜಿನ್ ನಿಲ್ಲಬಾರದು ಎಂದು ನೀನು ಹತ್ತು ಸಲ ಹೇಳಿದ್ದೆ. ಆ ಸ್ಪ್ರಿಂಗನ್ನು ತಡೆದು ಹಿಡಿಯುವುದು ಹಿಡಿಕೆಯ ಬುಡದಲ್ಲಿರುವ ಎರಡು ಫೈಬರ್ ವಾಷರುಗಳ ತಿಕ್ಕಾಟ ಮಾತ್ರ ಅಂತಲೂ ಹೇಳಿದ್ದೆ. ಬಿಚ್ಚಿ ನೋಡಿದೆ. ವಾಷರು ಎರಡೂ ಎಣ್ಣೆಯಲ್ಲಿ ಮಿಂಚುತ್ತಿದ್ದವು, ತಿಕ್ಕಾಟ ಹೋಗಿ ಹಿಡಿಕೆ ಜಾರಿತ್ತು. ನಿನ್ನ ಕೆಲಸದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ ಯವ್ವಾ.

ಎಣ್ಣೆ ಎಲ್ಲಿಂದ ಬಂತು ಅನ್ನುತ್ತೀಯಾ? ದಸರೆಯ ಖಂಡೇಪೂಜೆಗೆ ಲೇತು, ಪಾನಾ, ಸುತ್ತಿಗೆ ಎಲ್ಲವನ್ನೂ ಒರೆಸಿ ಎಣ್ಣೆ ಸವರಿ ವಿಭೂತಿ ಹಚ್ಚುವುದು ನಮ್ಮಲ್ಲಿ ಅಜ್ಜನ ಕಾಲದ ರೂಢಿ. ಈ ಸಲ ವಿಮಾನಕ್ಕೂ ಹಚ್ಚಿದೆವು. ನಿಮ್ಮವ್ವನನ್ನು ಕೇಳಿದರೆ, “ನಾ ಹೂವು ಏರಿಸೀನ್ರಿ, ಎಣ್ಣಿಗಿಂಡಿ ನನ್ನ ಕೈಯಾಗ ಎಲ್ಲಿತ್ತು?” ಎಂದು ಕಣ್ಣು ಕೆಂಪಗೆ ಮಾಡಿದಳು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಹಬ್ಬದ ಗದ್ದಲದಲ್ಲಿ ಯಾರ ಕೈ ಎಲ್ಲಿ ಹೋಯಿತೋ ಹೇಗೆ ಹೇಳುವುದು.

ಈಗ ಹೊಸ ವಾಷರು ಕತ್ತರಿಸಿ ಹಾಕಿದ್ದೇನೆ. ನಿನ್ನೆ ಮುಂಜಾನೆ ಒಂದು ತಾಸು ಓಡಿಸಿದೆ, ಖಡುವಿನ ಗೆರೆ ಬಿಟ್ಟು ಅಲುಗಲಿಲ್ಲ. ಆದರೆ ಆ ನಟ್ಟು ಎಷ್ಟು ಬಿಗಿ ಇರಬೇಕೆಂಬುದು ನಿನ್ನ ಕೈಗೆ ಗೊತ್ತು, ನನ್ನದಕ್ಕೆ ಗೊತ್ತಿಲ್ಲ. ಬರುವ ರವಿವಾರ ಹತ್ತರಗಿಗೆ ಒಯ್ಯುತ್ತೇವೆ. ಒಳಗೆ ಕೂರುವವನು ನಾನು. ನೀನು ಬಂದು ನಟ್ಟು ನೋಡಿದರೆ ಚಾಲೂ ಮಾಡುತ್ತೇನೆ, ಇಲ್ಲವಾದರೆ ಹಾಗೇ ತಿರುಗಿ ತಂದು, ಬಿಚ್ಚಿ ಮೂಲೆಗೆ ಹಾಕುತ್ತೇನೆ. ಲಗಮಪ್ಪನೂ ನಿನ್ನ ಪಕ್ಷವೇ. “ಅಕ್ಕಾರು ಬಂದ್ರ ಹೊಲಾ ಬಿಡತೇನ್ರಿ, ನೀವೊಬ್ರ ಬಂದ್ರ ಕುರಿ ಬಿಡತೇನಿ” ಅಂದಿದ್ದಾನೆ.

ಮಲ್ಲೇಶನಿಗೆ ಕೈ ಜೋಪಾನ ಎಂದು ಹೇಳು. ನಿಮ್ಮವ್ವ ಕರದಂಟು ಕೇಳಿದ್ದಾಳೆ, ಬರುವಾಗ ಮರೆಯಬೇಡ. ಬಸವಣ್ಣ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಗುರುಲಿಂಗಪ್ಪ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಹರಿದಿದ್ದೇನೆ, ಅಂಚೆ ಹೋಗುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಯಾರ ಕೈಯೋ ಎಂದು ಬರೆದದ್ದು ಸುಳ್ಳು. ವಾಷರು ಕಂಡ ದಿನವೇ ನನಗೆ ಗೊತ್ತಿತ್ತು. ಪೂಜೆಯ ದಿನ ಹಿಡಿಕೆ ಬಿಗಿ ಅನಿಸಿತು. ನಲವತ್ತು ವರ್ಷ ಬಿಗಿ ಕಂಡಲ್ಲೆಲ್ಲ ಎಣ್ಣೆ ಬಿಟ್ಟ ಕೈ, ಮೂರು ಹನಿ ಬಿಟ್ಟಿತು. ಬುಡದಲ್ಲಿ ನೀನು ಅಂಟಿಸಿದ್ದ ಚೀಟಿ ವಿಭೂತಿಗೆ ಅಡ್ಡ ಬಂತೆಂದು ಓದದೆ ಕಿತ್ತು ಜೇಬಿಗೆ ಹಾಕಿದ್ದೆ. ಈಗ ನಿಮ್ಮವ್ವ ನನ್ನ ಹಬ್ಬದ ಅಂಗಿ ಒಗೆಯಲು ತೆಗೆದವಳು ಅದನ್ನು ತಂದು ನನ್ನ ಮುಂದಿಟ್ಟು ಒಳಗೆ ಹೋದಳು. ಚೀಟಿಯಲ್ಲಿ ನಿನ್ನ ಅಕ್ಷರ: “ಅಪ್ಪಾ, ಇಲ್ಲಿ ಎಣ್ಣಿ ಹಾಕಬ್ಯಾಡ್ರಿ.” ಬೇರೆ ಯಾರಿಗೂ ಅಲ್ಲ, ನೀನು ನನಗೇ ಬರೆದಿದ್ದೆ. ಮಲ್ಲೇಶನ ಕೈ ಮುರಿದವನು ನಾನು. ನಿನ್ನನ್ನು ಯಾರ ಮುಂದೆ ಅಂದೆನೋ, ರವಿವಾರ ಅವರ ಮುಂದೆಯೇ ಇದನ್ನು ಹೇಳುತ್ತೇನೆ, ನೀನು ಬಂದರೂ, ಬರದಿದ್ದರೂ. ಚೀಟಿ ಇದರೊಳಗೆ ಇಟ್ಟಿದ್ದೇನೆ. ತಂದು ಮತ್ತೆ ನೀನೇ ಅಂಟಿಸು.